ಜೀಪಿನ ಲಂಗೋಟಿ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಸತ್ತೆಪ್ಪನ ಲಂಗೋಟಿ ಒಂದು ದಿನವೂ ಸಡಿಲಾಗಿರಲಿಲ್ಲ. ಸಡಿಲಾಗಿದ್ದು ಜೀಪಿನದು. ಇಷ್ಟು ಸಣ್ಣ ವ್ಯತ್ಯಾಸ ಗೋಕಾಕದಿಂದ ಹುಕ್ಕೇರಿಯವರೆಗಿನ ಮಂದಿಗೆ ತಿಳಿಯಲಿಲ್ಲವೆಂದರೆ, ತಪ್ಪು ಬರೀ ಮಂದಿಯದಲ್ಲ. ಸತ್ತೆಪ್ಪನ ಬಾಯಿಯೂ ಅಂಥದ್ದೇ.

ಸತ್ತೆಪ್ಪನಿಗೆ ಮೂವತ್ನಾಲ್ಕು ವರ್ಷ. ಗೋಕಾಕದ ಗರಡಿ ಮನೆಯಲ್ಲಿ ಹದಿನಾರು ವರ್ಷ ಕೆಮ್ಮಣ್ಣು ಮೈಗೆ ಬಳಿದುಕೊಂಡವನು. ಹನುಮಪ್ಪನ ಪಟದ ಮುಂದೆ ಲಂಗೋಟಿ ಕಟ್ಟಿದ ಮೇಲೆ ಹೆಂಗಸರ ನೆರಳನ್ನೂ ತುಳಿಯದೆ ನಡೆಯುತ್ತಿದ್ದ. ಮೊಣಕಾಲು ಉಳುಕಿ ಕುಸ್ತಿ ನಿಂತಿತು. ಕಾಲುವೆ ಸರ್ವೆಯ ಕಚೇರಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಕುಸ್ತಿ ಹೋದರೂ ಹೆಸರು ಹೋಗಲಿಲ್ಲ. "ಸತ್ತೆಪ್ಪ ಅಂದ್ರ ಲಂಗೋಟಿ ಬಿಗಿ ಮನಶ್ಯಾ" ಎಂದು ಊರ ಮಂದಿ ಅಂದರೆ ಅವನ ಎದೆ ಇನ್ನೂ ನಾಲ್ಕು ಬೆರಳು ಮುಂದೆ ಬರುತ್ತಿತ್ತು.

ಜೀಪಿನ ಕಥೆ ಬೇರೆ. ಅದು ಮಹಾಯುದ್ಧದಲ್ಲಿ ಎಲ್ಲೆಲ್ಲಿಯೋ ಗುಂಡು ತಪ್ಪಿಸಿಕೊಂಡು ತಿರುಗಿ, ಕಡೆಗೆ ಹರಾಜಿನಲ್ಲಿ ಸರಕಾರದ ಕೈಗೆ ಬಂದಿದ್ದು. ಅದರ ಹೊಟ್ಟೆಯ ಕೆಳಗೆ, ಗೇರಿನ ಪೆಟ್ಟಿಗೆಗೆ ಕಲ್ಲು ಬಡಿಯದಿರಲಿ ಎಂದು ಅಡ್ಡವಾಗಿ ಒಂದು ದಪ್ಪ ಉಕ್ಕಿನ ತಗಡು ಇತ್ತು. ಆರು ಬೋಲ್ಟುಗಳ ಮೇಲೆ ನಿಂತ ಆ ತಗಡಿಗೆ ಇಂಗ್ಲಿಷಿನವರು ಏನು ಹೆಸರಿಟ್ಟಿದ್ದರೋ, ಸತ್ತೆಪ್ಪ ಮಾತ್ರ ಲಂಗೋಟಿ ಅಂದ. ಮುಚ್ಚಬೇಕಾದ್ದನ್ನು ಮುಚ್ಚುತ್ತದೆ, ಬಿಗಿಯಾಗಿರಬೇಕು, ಹೊರಗೆ ಕಾಣಿಸಬಾರದು. ಇದಕ್ಕಿಂತ ತಕ್ಕ ಹೆಸರನ್ನು ಯಾವ ಪಂಡಿತ ಕೊಡುತ್ತಿದ್ದ?

ಮೇಲವಂಕಿಯ ಹಳ್ಳದ ಕಲ್ಲುದಾರಿಯಲ್ಲಿ ಆ ಆರರಲ್ಲಿ ನಾಲ್ಕು ಬೋಲ್ಟು ಉದುರಿಹೋದವು. ಹಿಂದಿನ ಎರಡರ ಮೇಲೆ ತಗಡು ಜೋತುಬಿದ್ದು ಬಡಿದುಕೊಳ್ಳತೊಡಗಿತು.

"ಸಾಹೇಬ್ರ, ಲಂಗೋಟಿ ಸಡಿಲಾಗೇತ್ರಿ," ಎಂದು ಸತ್ತೆಪ್ಪ ಸೋಮವಾರ ಮುಂಜಾನೆ ಕಚೇರಿಯ ಅಂಗಳದಲ್ಲೇ ಒದರಿ ಹೇಳಿದ.

ಸಾಹೇಬರು ಮೈಸೂರು ಕಡೆಯವರು. ರಾಜ್ಯ ಒಂದಾದ ಮೇಲೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಪಾಪ, ಮೊದಲು ತಮ್ಮ ಪ್ಯಾಂಟನ್ನೇ ಮುಟ್ಟಿ ನೋಡಿಕೊಂಡರು.

"ಏನಯ್ಯಾ ಅದು ಮಾತು?"

"ನಿಮ್ಮದಲ್ರಿ. ಜೀಪಿಂದು."

ಸಾಹೇಬರು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. "ಶನಿವಾರ ಬೆಳಗಾವಿಯಿಂದ ದೊಡ್ಡವರು ಬರ್ತಾರೆ. ಅವರನ್ನ ಇದೇ ಕಲ್ಲುದಾರೀಲಿ ಕರ್ಕೊಂಡು ಓಡಾಡ್ಬೇಕು. ಜೀಪ್ ತಗೊಂಡು ಹೋಗು, ಎಲ್ಲಿ ಸಿಗುತ್ತೋ ಅಲ್ಲಿ ಬೋಲ್ಟ್ ಹಾಕಿಸ್ಕೊಂಡು ಬಾ," ಎಂದರು.

ಸತ್ತೆಪ್ಪನಿಗೆ ಜೀಪಿನ ಚಿಂತೆ ಒಂದು ಪಾಲಾದರೆ, ಗುರುವಾರದ ಚಿಂತೆ ಮೂರು ಪಾಲು. ಗುರುವಾರ ಅರಭಾವಿಯ ಕಾಶೆವ್ವ ಅವನಿಗೆ ಹೂಂ ಅಥವಾ ಊಹೂಂ ಹೇಳುವವಳಿದ್ದಳು.

ಅರಭಾವಿಯ ಲಗಮಪ್ಪನ ಮಗಳು ಯಲ್ಲಕ್ಕ. ಹೋದ ಮಳೆಗಾಲದಲ್ಲಿ ಸತ್ತೆಪ್ಪನ ಜೀಪು ಅವರ ಹೊಲದ ಬದುವಿನಲ್ಲಿ ಹೂತುಕೊಂಡಾಗ, ಆಕೆಯೇ ಎತ್ತು ಹೊಡೆದುಕೊಂಡು ಬಂದು ಎಳೆಸಿದ್ದಳು. "ನಿಮ್ಮ ಗಾಡಿಗೆ ಕೋಡಿಲ್ಲ ಬಾಲಿಲ್ಲ. ಎಲ್ಲಿ ಹಿಡದ ಎಳೀಬೇಕ್ರಿ ಇದನ್ನ?" ಎಂದು ನಕ್ಕಿದ್ದಳು. ಹದಿನಾರು ವರ್ಷದ ಹನುಮಪ್ಪನ ವ್ರತ ಆ ಒಂದು ನಗುವಿಗೆ ಮುಗಿದುಹೋಯಿತು. ಆ ದಿನದಿಂದ ಸತ್ತೆಪ್ಪನಿಗೆ ಆಕೆಯನ್ನು ಬಿಟ್ಟರೆ ಬೇರೆ ಯೋಚನೆಯಿಲ್ಲ. ಹಿರಿಯರನ್ನು ಕಳಿಸಿ ಕೇಳಿಸಿದ. ಲಗಮಪ್ಪ ಒಪ್ಪಿದ. ಒಪ್ಪದವಳು ಅವನ ತಾಯಿ ಕಾಶೆವ್ವ. ಆ ಮನೆಯಲ್ಲಿ ಆಕೆ ತಲೆಯಾಡಿಸದೆ ಎಮ್ಮೆ ಕೂಡ ಈಯುತ್ತಿರಲಿಲ್ಲ.

"ನೋಡೂಣು," ಎನ್ನುತ್ತಿದ್ದಳು ಕಾಶೆವ್ವ. ದೀಪಾವಳಿಗೆ ನೋಡೂಣು ಅಂದಳು, ಸಂಕ್ರಾಂತಿಗೆ ನೋಡೂಣು ಅಂದಳು. ಯಾಕೆಂದು ಹೇಳಲಿಲ್ಲ. ಡ್ರೈವರ್ ಮಂದಿ ಊರಿಗೊಂದು ಸಂಸಾರ ಇಟ್ಟಿರುತ್ತಾರೆ ಎಂಬ ಮಾತಿದೆಯಲ್ಲ, ಮುದುಕಿಗೆ ಅದೇ ಅಂಜಿಕೆ ಎಂದು ಸತ್ತೆಪ್ಪ ತಾನೇ ತೀರ್ಮಾನ ಮಾಡಿಕೊಂಡ. ಆದ್ದರಿಂದ ಆ ಮನೆಗೆ ಹೋದಾಗಲೆಲ್ಲ ತನ್ನ ಬ್ರಹ್ಮಚರ್ಯದ ಪುರಾಣವನ್ನೇ ಬಿಚ್ಚುತ್ತಿದ್ದ. ಹಾಗೆ ಬಿಚ್ಚಿದಾಗಲೆಲ್ಲ ಕಾಶೆವ್ವನ ಮುಖ ಇನ್ನಷ್ಟು ಗಂಟಾಗುತ್ತಿತ್ತು. ಮೂಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ಯಲ್ಲಕ್ಕನ ಅಕ್ಕ ಕರೆವ್ವ ಎದ್ದು ಒಳಗೆ ಹೋಗುತ್ತಿದ್ದಳು. ಕರೆವ್ವನನ್ನು ನಾಗನೂರಿಗೆ ಕೊಟ್ಟಿತ್ತು; ಮೂರು ವರ್ಷಕ್ಕೆ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಯಾಕೆಂದು ಸತ್ತೆಪ್ಪ ಕೇಳಿರಲಿಲ್ಲ. ತನ್ನ ಪುರಾಣ ಮುಗಿದರೆ ತಾನೆ ಇನ್ನೊಬ್ಬರ ಸುದ್ದಿ ಕೇಳುವುದು!

ಮಂಗಳವಾರ ಗೋಕಾಕದ ಪೇಟೆಯಲ್ಲಿ ಲಕ್ಕಪ್ಪನ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋದ. ಲಕ್ಕಪ್ಪನಿಗೆ ಎರಡೂ ಕಿವಿ ಮಂದ. ಅಂಗಡಿಯ ಮುಂದೆ ಮಂದಿ ತುಂಬಿದ್ದರು.

"ಏನ ಬೇಕೋ?"

"ಬೋಲ್ಟ ಬೇಕಾಗಿತ್ರಿ. ಲಂಗೋಟಿ ಸಡಿಲಾಗೇತಿ."

"ಆಂ? ಏನ ಸಡಿಲಾಗೇತಿ?"

"ಲಂಗೋಟಿ! ಲಂಗೋಟಿ ಸಡಿಲಾಗೇತ್ರಿ! ಗುರುವಾರದೊಳಗ ಬಿಗಿ ಮಾಡ್ಬೇಕು!" ಗರಡಿಯಲ್ಲಿ ತೊಡೆ ತಟ್ಟಿ ಕೂಗಿದ ಗಂಟಲು ಅದು. ಪೇಟೆಯ ಆ ತುದಿಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸರು ಕೈ ಹಿಂದಕ್ಕೆ ಎಳೆದುಕೊಂಡು ತಿರುಗಿ ನೋಡಿದರು.

ಲಕ್ಕಪ್ಪನಲ್ಲಿ ಬೋಲ್ಟಿಗೇನೂ ಬರವಿರಲಿಲ್ಲ. ಆದರೆ ದಂಡಿನ ಜೀಪಿನ ಬೋಲ್ಟಿನ ಮೈಮೇಲೆ ಸುತ್ತಿದ ಆಟೆಯ ಲೆಕ್ಕವೇ ಬೇರೆ. ಒಂದೂ ಕೂಡಲಿಲ್ಲ. "ಹುಕ್ಕೇರ್ಯಾಗ ಹಳೇ ಮಿಲಿಟರಿ ಲಾರಿ ಬಿಚ್ಚಾವ್ರು ಅದಾರ, ಅಲ್ಲಿ ನೋಡ," ಎಂದ ಲಕ್ಕಪ್ಪ.

ಬುಧವಾರ ನಸುಕಿನಲ್ಲೇ ಸತ್ತೆಪ್ಪ ಹುಕ್ಕೇರಿಗೆ ಹೋದ. ಲಾರಿ ಬಿಚ್ಚುವವನ ಗೂಡಂಗಡಿ ಮೋಟಾರು ನಿಲ್ಲುವ ಜಾಗದ ಬಾಜೂಕ್ಕೇ ಇತ್ತು, ನಡುವೆ ಒಂದು ಚಹಾದ ಅಂಗಡಿ. ಹುಡುಕಿ ಹುಡುಕಿ ಅವನು ಎರಡು ಬೋಲ್ಟು ತೆಗೆದ. ಹಾಕಿ ನೋಡಿದರೆ ಸವೆದುಹೋಗಿ ತೂತಿನಲ್ಲಿ ಸುಮ್ಮನೆ ತಿರುಗುತ್ತಿದ್ದವು.

"ಸದ್ಯಕ್ಕ ಈ ಎರಡರ ಮ್ಯಾಲೆ ನಡಸಪಾ," ಎಂದ ಅಂಗಡಿಯವನು.

ಸತ್ತೆಪ್ಪ ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಎರಡ ನನಗ ಎಲ್ಲಿ ಸಾಲ್ತಾವ? ನನಗ ನಾಕ ಬೇಕು! ನಾಕಿಲ್ದ ನಂದು ಬಿಗಿ ಆಗೂದುಲ್ಲ. ಅದೂ ಇಂಥಾ ಸವದದ್ದ ಯಾರಿಗೆ ಬೇಕು, ಎಳೇವು ತೋರ್ಸು!" ಎಂದ.

ಚಹಾದ ಅಂಗಡಿಯಲ್ಲಿ ಬಸಿಯಿಂದ ಚಹಾ ಹೀರುತ್ತಿದ್ದ ಬಸ್ಸಿನ ಕಂಡಕ್ಟರನಿಗೆ ಮಾತು ಕೇಳಿಸಿತು, ಜೀಪಿನ ಕೆಳಗಿನ ತಗಡು ಕಾಣಿಸಲಿಲ್ಲ. ಅವನ ಬಸ್ಸು ಹುಕ್ಕೇರಿಯಿಂದ ಅರಭಾವಿಯ ಮೇಲೆ ಹಾಯ್ದು ಮೂಡಲಗಿಗೆ ಹೋಗುವ ಬಸ್ಸು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ನಮ್ಮವರು. ಸುದ್ದಿಗೆ ಟಿಕೇಟು ಬೇರೆ ಬೇಕಿಲ್ಲ.

"ಹಳೇ ಕಬ್ಬಿಣ ಬಿಡು. ಮೂಡಲಗ್ಯಾಗ ಕಂಬಾರ ರಾಚಪ್ಪ ಅದಾನ, ಹೊಸಾವ ಬಡದ ಕೊಡ್ತಾನ," ಎಂದು ಅಂಗಡಿಯವನು ಸಾಗಹಾಕಿದ. ಸತ್ತೆಪ್ಪ ತಗಡನ್ನು ಹಗ್ಗದಿಂದ ಎತ್ತಿ ಕಟ್ಟಿ ನಿಧಾನಕ್ಕೆ ಹೊರಟ. ಬಸ್ಸು ಅವನನ್ನು ದಾಟಿ ಧೂಳೆಬ್ಬಿಸಿ ಮುಂದೆ ಹೋಯಿತು.

ಅರಭಾವಿಯಲ್ಲಿ ಲಗಮಪ್ಪನ ಮನೆ ದಾರಿಗೇ ಇದೆ. ಗುರುವಾರ ಬಾ ಅಂದ ಮನೆಗೆ ಬುಧವಾರ ಹೋಗುವುದು ಸರಿಯಲ್ಲವೆಂದು ಸತ್ತೆಪ್ಪ ಜೀಪು ನಿಲ್ಲಿಸಲಿಲ್ಲ. ಆದರೆ ಕಟ್ಟೆಯ ಮೇಲೆ ಕುಳಿತ ಕಾಶೆವ್ವ ಅವನನ್ನು ನೋಡಿ ನಕ್ಕಳು! ಆರು ತಿಂಗಳಲ್ಲಿ ಮೊದಲ ಸಲ, ಇದ್ದ ಮೂರು ಹಲ್ಲೂ ಕಾಣುವ ಹಾಗೆ ನಕ್ಕಳು. ಸತ್ತೆಪ್ಪ ಸುಮ್ಮಸುಮ್ಮನೆ ಎರಡು ಸಲ ಹಾರನ್ ಒತ್ತಿದ.

ಮೂಡಲಗಿ ಮುಟ್ಟಿದಾಗ ರಾಚಪ್ಪನ ಕುಲುಮೆ ತಣ್ಣಗಿತ್ತು. ರಾಚಪ್ಪ ಬೇವಿನ ಗಿಡದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಕಂಬಾರ ಕಬ್ಬಿಣಕ್ಕೆ ಬೆಂಕಿ ತೋರಿಸುವುದಿಲ್ಲ. ಸರಕಾರದ ಜೀಪು ಬಂದರೂ ಅಷ್ಟೆ, ಸರಕಾರವೇ ಬಂದರೂ ಅಷ್ಟೆ.

"ಬಾರೋ ಪೈಲವಾನ," ಎಂದು ರಾಚಪ್ಪ ಕಣ್ಣು ಮಿಟುಕಿಸಿದ. "ಹದಿನಾರ ವರ್ಷದ್ದ ಎಲ್ಲಾ ಒಂದ ವಾರದಾಗ ತೀರ್ಸಾಕ ಹೊಂಟಿಯಂತಲ್ಲೋ!"

"ಏನದು?"

"ನಿನ್ನ ಲಂಗೋಟಿ ಸಡಿಲಾತಂತ. ಗೋಕಾಕದ ಪ್ಯಾಟ್ಯಾಗ ನೀನ ಡಂಗುರಾ ಸಾರಿದೆಂತ. ಹುಕ್ಕೇರ್ಯಾಗ ಎರಡ ಸಾಲಲಿಲ್ಲಂತ, ನಾಕ ಬೇಕಂದೆಂತ, ಅದೂ ಎಳೇವ ಬೇಕಂದೆಂತ! ಬಸ್ಸಿನ್ಯಾಗಿಂದ ಇಳದವ್ರೆಲ್ಲಾ ಇದನ್ನ ಹೇಳ್ಕೋತ ಹ್ವಾದ್ರು."

ಸತ್ತೆಪ್ಪನಿಗೆ ಕಾಶೆವ್ವನ ಮೂರು ಹಲ್ಲು ಈಗ ಬೇರೆ ರೀತಿ ಕಾಣಿಸಿದವು. ನಕ್ಕಿದ್ದಲ್ಲ ಅದು, ಅಣಕಿಸಿದ್ದು! "ಸತ್ತೆ ರಾಚಣ್ಣಾ, ಸತ್ತೆ," ಎಂದು ಹಣೆ ಹಣೆ ಬಡಿದುಕೊಂಡ. "ಅದು ಜೀಪಿಂದೋ! ತಗಡೋ ಅದು, ತಗಡು! ಬೋಲ್ಟೋ!"

"ಅದಕ್ಕ ಲಂಗೋಟಿ ಅಂತ ಯಾಕ ಅಂದಿ, ಹುಚ್ಚಪ್ಯಾಲಿ?"

ಆಗಲೇ ಓಡಿಹೋಗಿ ಕಾಶೆವ್ವನಿಗೆ ಹೇಳಬಹುದಿತ್ತು. ಆದರೆ ಜೋತುಬಿದ್ದ ಲಂಗೋಟಿಯನ್ನು ಇಟ್ಟುಕೊಂಡು, ನನ್ನ ಲಂಗೋಟಿ ಬಿಗಿ ಎಂದು ಹೇಳಲು ಹೋದರೆ ಯಾರು ನಂಬುತ್ತಾರೆ? ಮೊದಲು ಬಿಗಿಯಾಗಲಿ, ಆಮೇಲೆ ಮಾತು ಎಂದು ಸತ್ತೆಪ್ಪ ನಿಶ್ಚಯಿಸಿದ. ರಾಚಪ್ಪನ ಕಟ್ಟೆಯ ಮೇಲೆಯೇ ಉಳಿದ. ರಾಚಪ್ಪನ ಹೆಂಡತಿ ಕೊಟ್ಟ ರೊಟ್ಟಿಯನ್ನು ನಾಯಿಗೆ ಹಾಕಿದ.

ಗುರುವಾರ ಸೂರ್ಯ ಮೂಡುವ ಮೊದಲೇ ಕುಲುಮೆಯ ತಿದಿ ಒತ್ತಿದವನು ಸತ್ತೆಪ್ಪ. ರಾಚಪ್ಪ ಮುರಿದ ಬಂಡಿಯ ಅಚ್ಚನ್ನು ಕಾಸಿ, ಬಡಿದು, ನಾಲ್ಕು ಗಟ್ಟಿ ಗೂಟ ಮಾಡಿದ. "ಆಟೆ ಗೀಟೆ ನನಗ ಬರೂದುಲ್ಲ. ತೂತಿನ್ಯಾಗ ಕೆಂಪಗ ಇದ್ದಾಗ ಹೊಡದ, ಎರಡೂ ಕಡೆ ತಲಿ ಚಪ್ಪಟಿ ಮಾಡ್ತೇನಿ. ಆಮ್ಯಾಲೆ ಬಿಚ್ಚಾಕ ಬರೂದುಲ್ಲ ನೋಡ. ಹ್ಞೂಂ ಅಂತಿಯೇನ?"

"ಹ್ಞೂಂ. ಸತ್ತರೂ ಬಿಚ್ಚಬಾರದು. ಹಂಗ ಬಡಿ!" ಎಂದ ಸತ್ತೆಪ್ಪ.

ರಾಚಪ್ಪ ಬಡಿದ. ಜೀಪಿನ ಲಂಗೋಟಿ ಬಿಗಿಯಾಯಿತು.

ಅರಭಾವಿ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಲಗಮಪ್ಪನ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಕಾಶೆವ್ವ ಹೊಸ ಇಳಕಲ್ಲ ಸೀರೆ ಉಟ್ಟು ಕುಳಿತಿದ್ದಳು. ಆಕೆಯ ಬಾಜೂಕ್ಕೆ ಹಿತ್ತಾಳೆಯ ತಾಟಿನಲ್ಲಿ ಸಕ್ಕರೆ, ಅದರ ಮೇಲೆ ತೆಂಗಿನಕಾಯಿ. ಮಾತು ಗಟ್ಟಿಯಾದರೆ ಗಂಡಿನ ಬಾಯಿಗೆ ಸಕ್ಕರೆ ಹಾಕುವುದು ಪದ್ಧತಿ. ಕಣ್ಣಿದ್ದವರಿಗೆ ಆ ತಾಟೇ ಉತ್ತರ ಹೇಳುತ್ತಿತ್ತು. ಸತ್ತೆಪ್ಪನಿಗೆ ಆಗ ಬಾಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

"ಆಯಿ, ಎಲ್ಲಾ ಸುಳ್ಳರಿ!" ಎಂದು ಹೊಸಿಲಲ್ಲೇ ಅಡ್ಡಬಿದ್ದ. "ಮಂದಿ ಅನ್ನೂದು ಎಲ್ಲಾ ಸುಳ್ಳ!"

"ಏಳಪಾ, ನಾವೇನ ಕೇಳೇವಿ?" ಎಂದಳು ಕಾಶೆವ್ವ ಮೆಲ್ಲಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಗಣಮಗ, ಒಂದ ಮಾತ ಬರ್ತೈತಿ, ಹೊಕ್ಕೈತಿ. ಇರ್ಲಿ ಬಿಡು. ಬಾ, ಕುಂದ್ರು."

ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡವನಿಗೆ ಇನ್ನು ನಿಲ್ಲುವುದು ಹೇಗೆ? "ಇರ್ಲಿ ಬಿಡು ಅಂದ್ರ ಹೆಂಗ ಆಯಿ? ಸಡಿಲಾಗಿದ್ದು ಜೀಪಿಂದು! ಬರ್ರಿ, ನಿಮ್ಮ ಕಣ್ಣಾರೆ ನೋಡ್ರಿ. ಮಾವಾರ, ನೀವೂ ಬರ್ರಿ!"

ಎಲ್ಲರನ್ನೂ ಹೊರಗೆ ಎಳೆದುಕೊಂಡು ಬಂದ. ಲಗಮಪ್ಪ ತಲೆಯ ಪಟಗ ತೆಗೆದಿಟ್ಟು ಜೀಪಿನ ಕೆಳಗೆ ತೂರಿದ. ತಗಡನ್ನು ಹಿಡಿದು ಎಳೆದ, ಒದ್ದ, ಗುದ್ದಿದ.

"ಯವ್ವಾ, ಎಳ್ಳಷ್ಟೂ ಅಲಗವಲ್ದು," ಎಂಬ ದನಿ ಕೆಳಗಿನಿಂದ ಬಂತು.

"ಮತ್ತ ನಿಂದು?" ಎಂದು ಕಾಶೆವ್ವ ಸತ್ತೆಪ್ಪನನ್ನು ನೋಡಿದಳು. "ನಿಂದೂ ಇಷ್ಟ ಬಿಗಿ ಏನ?"

"ಹನುಮಪ್ಪನ ಆಣಿ, ಇದಕ್ಕಿಂತಾ ಬಿಗಿ ಆಯಿ! ಹದಿನಾರ ವರ್ಷ ಆತು, ಇನ್ನ ಹದಿನಾರ ವರ್ಷ ಆದ್ರೂ ಹಿಂಗ!"

ಕಾಶೆವ್ವನ ಮುಖದ ಬೆಳಕು ಆರಿತು. ಆಕೆ ಕಟ್ಟೆಯ ಮೇಲೆ ಕುಳಿತಳು. "ಅಯ್ಯ ನಮ್ಮವ್ವಾ," ಎಂದಳು. "ಆ ಸುದ್ದಿ ಖರೇನ ಇರ್ಲಿ ಅಂತ ನಾ ನಿನ್ನಿ ಊರ ಲಕ್ಷ್ಮವ್ವಗ ಕಾಯಿ ಒಡಸೇನೆಲ್ಲೋ!"

ಸತ್ತೆಪ್ಪನಿಗೆ ಅರ್ಥವಾಗಲಿಲ್ಲ.

"ನಮ್ಮ ಕರೆವ್ವನ್ನ ಯಾರಿಗೆ ಕೊಟ್ಟಿದ್ವಿ ಗೊತ್ತೇನ? ನಾಗನೂರ ಪೈಲವಾನಗ. ಅವಂದೂ ಹಿಂಗ, ಬಿಗಿ. ಮದಿವಿ ಆಗಿ ಮೂರ ವರ್ಷ ಗರಡಿ ಮನ್ಯಾಗ ಮಲಗಿದ. ಹೆಂಡ್ತಿ ಮುಖಾ ನೋಡಿದ್ರ ಹನುಮಪ್ಪ ಸಿಟ್ಟಾಗ್ತಾನಂತ! ನನ್ನ ಮೊಮ್ಮಗಳು ಮೂರ ವರ್ಷ ಗ್ವಾಡಿ ನೋಡ್ಕೋತ ಕುಂತ ಬಂದ್ಲು. ಅದಕ್ಕ ನಿನಗ ನೋಡೂಣು, ನೋಡೂಣು ಅಂದೆ. ನಿನ್ನಿ ಬಸ್ಸಿನ್ಯಾವ್ರು ಹೇಳಿದ್ದ ಕೇಳಿ, ದೇವ್ರ ದೊಡ್ಡಾಂವ, ಇವಾ ಮನಶ್ಯಾ ಅದಾನ ಅಂತ ಸಕ್ರಿ ತರಿಸೀನಿ." ಕಾಶೆವ್ವ ಕಣ್ಣೊರೆಸಿಕೊಂಡಳು. "ಇನ್ನೊಬ್ಬ ಮೊಮ್ಮಗಳನ್ನ ಹನುಮಪ್ಪಗ ಕೊಡಾಂಗಿಲ್ಲಪಾ. ಯಲ್ಲಕ್ಕಾ, ತಾಟ ಒಳಗಿಡು."

ಯಲ್ಲಕ್ಕ ತಾಟು ಎತ್ತಿಕೊಂಡಳು. ಹೊಸಿಲಲ್ಲಿ ನಿಂತು ಸತ್ತೆಪ್ಪನನ್ನು ನೋಡಿದಳು. ಕಣ್ಣಲ್ಲಿ ನೀರೂ ಇತ್ತು, ಬೆಂಕಿಯೂ ಇತ್ತು.

"ನಿಮಗ ಒಂದ ಚಣಾ ಬಾಯಿ ಮುಚ್ಕೊಂಡ ಕುಂದ್ರಾಕ ಬರ್ತಿದ್ದಿಲ್ಲೇನ್ರಿ?" ಎಂದು ಒಳಗೆ ಹೋದಳು.

ಸತ್ತೆಪ್ಪ ಜೀಪು ಹತ್ತಿದ. ಅವನಿಗೆ ಅಳು ಬಂದಿತ್ತು. ಆಕೆಗೂ ತಾನು ಬೇಕಾಗಿತ್ತು ಎಂಬುದು ಆಕೆಯ ಸಿಟ್ಟಿನಿಂದಲೇ ತಿಳಿಯಿತು. ಆ ಸಂತೋಷಕ್ಕೇ ಇನ್ನಷ್ಟು ಅಳು ಬಂತು. ಗೋಕಾಕದ ಕಡೆ ಹೊರಟವನು ನಾಲ್ಕು ಮಾರು ಹೋಗಿ ಗಕ್ಕನೆ ನಿಲ್ಲಿಸಿದ. ಜೀಪು ತಿರುಗಿಸಿದ. ನಾಗನೂರು ದಾಟಿ ಮೂಡಲಗಿಗೆ ಹೊಡೆದ.

"ರಾಚಣ್ಣಾ, ಲಂಗೋಟಿ ಬಿಚ್ಚು."

ರಾಚಪ್ಪ ಸುತ್ತಿಗೆ ಕೆಳಗಿಟ್ಟ. "ತಲಿ ನೆಟ್ಟಗೈತೇನ? ಸತ್ತರೂ ಬಿಚ್ಚಬಾರದು ಅಂದಾವ ಯಾರು?"

"ನಾನ. ಈಗ ಬಿಚ್ಚು."

"ಬಿಚ್ಚಾಕ ಬರೂದುಲ್ಲ ಅಂತ ಮುಂಜಾನಿನ ಹೇಳೇನಿ. ಕಡೀಬೇಕಾಗ್ತೈತಿ."

"ಕಡಿ!"

ಬೆವರು ಸುರಿಸಿ ಬಡಿದ ನಾಲ್ಕು ಗೂಟವನ್ನು ಬೆವರು ಸುರಿಸಿಯೇ ಕಡಿಯಬೇಕಾಯಿತು. ರಾಚಪ್ಪ ಉಳಿ ಹಿಡಿದು ಬಡಿಯುತ್ತ ಸತ್ತೆಪ್ಪನ ಮನೆತನದ ಏಳು ತಲೆಯನ್ನು ನೆನೆದ. ಬೈಗಳ ನಡುವೆ ಕಥೆಯನ್ನೆಲ್ಲ ಕೇಳಿಕೊಂಡ. ಕೇಳಿ ಮುಗಿಯುವಷ್ಟರಲ್ಲಿ ನಗು ತಡೆಯದೆ ಉಳಿ ಜಾರಿ ಬೆರಳು ಜಜ್ಜಿಕೊಂಡ. "ಹೋಗು, ನಾಳೆ ಬಾ. ಸಾಹೇಬ್ರ ಸಲುವಾಗಿ ಮತ್ತ ಹಾಕಿ ಕೊಡ್ತೇನಿ," ಎಂದ. ತಗಡು ಹಿಂದಿನ ಎರಡು ಹಳೆಯ ಬೋಲ್ಟುಗಳ ಮೇಲೆ ಜೋತುಬಿತ್ತು. ಈ ಸಲ ಸತ್ತೆಪ್ಪ ಹಗ್ಗ ಕಟ್ಟಲಿಲ್ಲ.

ಮೂಡಲಗಿಯಿಂದ ಅರಭಾವಿಯವರೆಗೆ ಒಂದು ಕಲ್ಲನ್ನೂ ತಪ್ಪಿಸದೆ ಜೀಪು ಓಡಿಸಿದ. ಖಡಲ್ ಖಡಲ್ ಎಂಬ ಆ ಸಪ್ಪಳಕ್ಕೆ ನಾಗನೂರಿನ ನಾಯಿಗಳು ಅರ್ಧ ಹರದಾರಿ ಬೆನ್ನಟ್ಟಿದವು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತರು. "ಯಾರದೋ ಲಂಗೋಟಿ ಸಡಿಲಾಗೇತಿ!" ಎಂದು ಯಾರೋ ಒದರಿದರು. "ನಂದ! ನಂದ!" ಎಂದು ಸತ್ತೆಪ್ಪ ಕೈಯೆತ್ತಿ ಒಪ್ಪಿಕೊಂಡ. ಹದಿನಾರು ವರ್ಷ ಗಳಿಸಿದ ಹೆಸರು ಆರು ಮೈಲಿಯಲ್ಲಿ ಉದುರಿಹೋಯಿತು, ಅವನು ತಿರುಗಿಯೂ ನೋಡಲಿಲ್ಲ.

ಲಗಮಪ್ಪನ ಮನೆಯ ಮುಂದೆ ಜೀಪು ನಿಂತಾಗ ಕಾಶೆವ್ವ ಕಟ್ಟೆಯ ಮೇಲೇ ಇದ್ದಳು. ಸಪ್ಪಳಕ್ಕೆ ಲಗಮಪ್ಪ, ಕರೆವ್ವ, ಯಲ್ಲಕ್ಕ ಎಲ್ಲರೂ ಹೊರಗೆ ಬಂದರು.

"ಏನೋ ಅದು ಗದ್ಲಾ?" ಎಂದಳು ಕಾಶೆವ್ವ.

ಸತ್ತೆಪ್ಪ ಇಳಿದು, ತಲೆ ತಗ್ಗಿಸಿ ನಿಂತ. ಕಡಿದ ನಾಲ್ಕು ಗೂಟಗಳನ್ನು ಕಿಸೆಯಿಂದ ತೆಗೆದು ಆಕೆಯ ಕಾಲ ಬಳಿ ಇಟ್ಟ.

"ಲಂಗೋಟಿ ಸಡಿಲಾಗೇತ್ರಿ, ಆಯಿ. ಹೋದ ಮಳಿಗಾಲದಾಗ, ನಿಮ್ಮ ಹೊಲದ ಬದುವಿನ್ಯಾಗನ ಸಡಿಲಾಗೇತಿ. ಹೇಳಾಕ ನಾಚಿಕಿ ಬಂದಿತ್ತು."

ಕರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಕೆ ನಕ್ಕಿದ್ದನ್ನು ಆ ಮನೆಯವರು ನೋಡಿ ಬಹಳ ದಿನವಾಗಿತ್ತು. ಕಾಶೆವ್ವ ಹಿರಿಮೊಮ್ಮಗಳನ್ನು ನೋಡಿದಳು, ಕಿರಿಮೊಮ್ಮಗಳನ್ನು ನೋಡಿದಳು, ಕಬ್ಬಿಣದ ತುಂಡುಗಳನ್ನು ಕಾಲಿನಿಂದ ಹೊರಳಿಸಿ ನೋಡಿದಳು.

"ಮತ್ತ ಹುಕ್ಕೇರ್ಯಾಗ ನಾಕ ಬೇಕಂದಿದ್ದೆಲ್ಲ?"

"ಒಂದ ಸಾಕ್ರಿ," ಎಂದ ಸತ್ತೆಪ್ಪ.

ಕಾಶೆವ್ವ ಕೈ ಊರಿ ಎದ್ದಳು. "ಯಲ್ಲಕ್ಕಾ, ತಾಟ ತಾ. ಲಗೂನ ತಾ, ಇವಾ ಮತ್ತೇನರೆ ಅನ್ನೂದ್ರಾಗ."

ಅಷ್ಟರಲ್ಲೇ ಸತ್ತೆಪ್ಪನಿಗೆ ಹನುಮಪ್ಪನ ವಿಷಯವಾಗಿ ಇನ್ನೊಂದು ಮಾತು ಹೇಳಬೇಕೆನ್ನಿಸಿ ಬಾಯಿ ತೆರೆದ. ಯಲ್ಲಕ್ಕ ಅಜ್ಜಿಯ ಕೈಗೆ ಕಾಯದೆ ಆ ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ಸುರಿದಳು.